ಟಿಕ್ ಟಿಕ್ ಕೇಳಿದರೆ ಮೊದಲು ಕಾಪಿ ಮಾಡಿ

ಹೋದ ವರ್ಷ ರಂಜಾನ್ ತಿಂಗಳಲ್ಲಿ ನಮ್ಮ ಮನೆಯ ಲ್ಯಾಪ್‌ಟಾಪ್ ‘ಟಿಕ್, ಟಿಕ್’ ಎಂದು ಸದ್ದು ಮಾಡತೊಡಗಿತು. ಆಪಾ ಅದರಲ್ಲಿ ಡಿಗ್ರಿಯ ಪ್ರಾಜೆಕ್ಟ್ ಬರೆಯುತ್ತಿದ್ದಳು. ‘ಪಂಖೇಕಾ ಆವಾಜ್ ಹೈ’ ಎಂದು ಹೇಳಿದವನು ನಾನೇ. ಸೆಖೆ ಜಾಸ್ತಿ, ಫ್ಯಾನ್ ಜೋರಾಗಿ ತಿರುಗುತ್ತಿದೆ ಎಂದುಕೊಂಡು ಎಲ್ಲರೂ ಸುಮ್ಮನಾದೆವು. ಹನ್ನೊಂದನೇ ದಿನ ಲ್ಯಾಪ್‌ಟಾಪ್ ಆನ್ ಆಯಿತು, ವಿಂಡೋಸ್ ಮಾತ್ರ ಬರಲಿಲ್ಲ. ಹೋಗಿದ್ದು ಫ್ಯಾನ್ ಅಲ್ಲ, ಹಾರ್ಡ್ ಡಿಸ್ಕ್. ಆಪಾ ಪ್ರಾಜೆಕ್ಟನ್ನು ಮತ್ತೆ ಮೊದಲಿನಿಂದ ಬರೆದಳು. ಆದರೆ ನಮ್ಮ ದಾದಿಯ ಕೊನೆಯ ಎರಡು ವರ್ಷಗಳ ಫೋಟೊಗಳು ಮತ್ತೆ ಸಿಗಲಿಲ್ಲ. ಮೊಬೈಲಿನಲ್ಲಿ ಜಾಗ ಇಲ್ಲವೆಂದು ಅವನ್ನು ಲ್ಯಾಪ್‌ಟಾಪಿಗೆ ಹಾಕಿ, ಮೊಬೈಲಿನಿಂದ ಅಳಿಸಿದ್ದೂ ನಾನೇ.

ಆ ಹನ್ನೊಂದು ದಿನಗಳಲ್ಲಿ ಯಾವ ದಿನ ಬೇಕಾದರೂ ಒಂದು ಪೆನ್ ಡ್ರೈವ್‌ಗೆ ಫೋಟೊಗಳನ್ನು ಹಾಕಿಕೊಳ್ಳಬಹುದಿತ್ತು. ನಮ್ಮಲ್ಲಿ ಪೆನ್ ಡ್ರೈವ್ ಇತ್ತು, ಸಮಯವೂ ಇತ್ತು. ಆ ಸದ್ದು ಯಾವುದರದ್ದು ಎಂಬ ತಿಳಿವಳಿಕೆ ಮಾತ್ರ ಇರಲಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ: ಲ್ಯಾಪ್‌ಟಾಪಿನ ಸದ್ದನ್ನು ಗುರುತಿಸುವುದು ರಿಪೇರಿ ಅಂಗಡಿಯವರಿಗೆ ಮಾತ್ರ ಬಿಟ್ಟ ವಿದ್ಯೆಯಲ್ಲ. ಲ್ಯಾಪ್‌ಟಾಪ್ ಮುಟ್ಟುವ ಪ್ರತಿ ವಿದ್ಯಾರ್ಥಿಗೂ ಅದು ಗೊತ್ತಿರಬೇಕು, ಅದನ್ನು ನಮ್ಮ ಕಾಲೇಜು ಕಲಿಸಬೇಕು.

ಕಲಿಯುವುದು ಕಷ್ಟವೇನಲ್ಲ. ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ಸದ್ದು ಎಲ್ಲಿಂದ ಬರುತ್ತಿದೆ? ಯಾವಾಗ ಬರುತ್ತಿದೆ?

ಬಿಸಿ ಗಾಳಿ ಹೊರಬರುವ ಕಿಂಡಿಯ ಹತ್ತಿರ ‘ಗುಂಯ್’ ಎನ್ನುವ ಅಥವಾ ಕರಕರ ಎನ್ನುವ ಸದ್ದು ಬಂದರೆ ಅದು ಫ್ಯಾನ್. ಲ್ಯಾಪ್‌ಟಾಪ್ ಬಿಸಿಯಾದಂತೆ ಜೋರಾಗುತ್ತದೆ, ತಣ್ಣಗಾದಂತೆ ಕಡಿಮೆಯಾಗುತ್ತದೆ. ಧೂಳು ಕಟ್ಟಿದ್ದರೆ ಶುಚಿ ಮಾಡಿದರೆ ಸಾಕು. ಬೇರಿಂಗ್ ಸವೆದಿದ್ದರೆ ಫ್ಯಾನ್ ಬದಲಿಸಬೇಕು.

ಕೈ ಇಡುವ ಜಾಗದ ಕೆಳಗಿನಿಂದ, ಫೈಲ್ ತೆರೆಯುವಾಗ ಟಿಕ್ ಟಿಕ್ ಎಂದು ಬಂದು, ಅದೇ ಹೊತ್ತಿಗೆ ಪರದೆ ನಿಂತುಹೋದರೆ ಅದು ಹೆಚ್ಚಾಗಿ ಹಾರ್ಡ್ ಡಿಸ್ಕ್. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಓದುವ ಹೆಡ್ ಆ ತಟ್ಟೆಯನ್ನು ಮುಟ್ಟದೆ ಅದರ ಮೇಲೆಯೇ ತೇಲುತ್ತಿರುತ್ತದೆ. ಹೆಡ್ ತನ್ನ ಜಾಗ ಹುಡುಕಲಾಗದೆ ಮತ್ತೆ ಮತ್ತೆ ಹಿಂದೆ ಮುಂದೆ ಓಡಾಡುವಾಗ ಈ ಸದ್ದು ಬರುತ್ತದೆ. ಆಗ ಮಾಡಬೇಕಾದ ಕೆಲಸ ಒಂದೇ. ಬಹಳ ಮುಖ್ಯವಾದ ಫೈಲುಗಳನ್ನು ಮೊದಲು ಕಾಪಿ ಮಾಡಿ, ನಂತರ ಲ್ಯಾಪ್‌ಟಾಪ್ ಬಂದ್ ಮಾಡಿ. ಡಿಸ್ಕ್ ಸರಿಮಾಡುವ ಸಾಫ್ಟ್‌ವೇರ್ ಓಡಿಸಬೇಡಿ. ಫಾರ್ಮ್ಯಾಟ್ ಮಾಡಬೇಡಿ. ಡಿಸ್ಕನ್ನು ಬಿಚ್ಚಲೇಬೇಡಿ.

ಚಾರ್ಜರ್ ಹಾಕಿದಾಗ ಮಾತ್ರ ಬರುವ ಸಣ್ಣ ‘ಕೀಂ’ ಸದ್ದು ಒಳಗಿನ ಕಾಯಿಲ್‌ಗಳ ಕಂಪನದ್ದಾಗಿರಬಹುದು. ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಸುಟ್ಟ ವಾಸನೆಯೂ ಬಂದರೆ ತಕ್ಷಣ ಚಾರ್ಜರ್ ತೆಗೆಯಬೇಕು. ಮ್ಯೂಟ್ ಮಾಡಿದಾಗ ನಿಲ್ಲುವ ಚರಪರ ಸದ್ದು ಸ್ಪೀಕರಿನದು.

ನಮ್ಮ ಜಿಲ್ಲೆಗೆ ಈ ವಿಷಯ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಇಷ್ಟೊಂದು ಗಾಳಿಯಂತ್ರಗಳು ನಿಂತಿರುವುದು ಇಲ್ಲಿ ಗಾಳಿ ಚೆನ್ನಾಗಿ ಬೀಸುವುದರಿಂದ. ಒಣ ನೆಲದ ಮೇಲೆ ಬೀಸುವ ಗಾಳಿ ಧೂಳನ್ನೂ ತರುತ್ತದೆ. ಭೀಮಸಮುದ್ರದ ಕಡೆ ಅದಿರಿನ ಲಾರಿಗಳು ಓಡುವ ರಸ್ತೆಯ ಪಕ್ಕದಲ್ಲಿ ಮನೆ ಇರುವವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಆ ಧೂಳು ಫ್ಯಾನಿನ ಹಿಂದಿನ ಸಣ್ಣ ಜಾಲರಿಯಲ್ಲಿ ಹತ್ತಿಯ ಪದರದ ಹಾಗೆ ಕೂರುತ್ತದೆ. ಅದರ ಜೊತೆಗೆ ನಾವು ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಗಾಳಿಯ ದಾರಿಯನ್ನೇ ಮುಚ್ಚುತ್ತೇವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಬರುವ ಗೆಳೆಯರು ಇನ್ನೊಂದು ತಪ್ಪು ಮಾಡುತ್ತಾರೆ. ಬಸ್ಸು ಬಂತೆಂದು ಮುಚ್ಚಳ ಮುಚ್ಚಿ ಹಾಗೆಯೇ ಬ್ಯಾಗಿಗೆ ತುರುಕುತ್ತಾರೆ. ತಿರುಗುತ್ತಿರುವ ಡಿಸ್ಕಿಗೆ ಒಂದು ಜೋರಾದ ಕುಲುಕು ಸಾಕು. ಶಟ್‌ಡೌನ್ ಮಾಡಿ, ಪೂರ್ತಿ ನಿಂತ ಮೇಲೆ ಬ್ಯಾಗಿಗೆ ಹಾಕಿ.

‘ನಾವು ಕಾಮರ್ಸ್‌ನವರು, ನಮಗೇಕೆ ಸ್ಕ್ರೂಡ್ರೈವರ್?’ ಎಂದು ನನ್ನ ಬೆಂಚಿನ ಗೆಳೆಯ ಕೇಳಿದ. ಕಾಮರ್ಸ್‌ನವರಾದ್ದರಿಂದಲೇ ಬೇಕು ಎಂಬುದು ನನ್ನ ಉತ್ತರ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ಸವಕಳಿ ವರ್ಷಕ್ಕೆ ಶೇ. 40. ನಮ್ಮ ಪುಸ್ತಕದ ಇಳಿಕೆ ಶೇಷ ಪದ್ಧತಿಯಲ್ಲಿ ಲೆಕ್ಕ ಹಾಕಿ ನೋಡಿ. 40,000 ರೂಪಾಯಿಯ ಲ್ಯಾಪ್‌ಟಾಪ್ ಒಂದು ವರ್ಷಕ್ಕೆ 24,000, ಎರಡು ವರ್ಷಕ್ಕೆ 14,400, ಮೂರು ವರ್ಷಕ್ಕೆ 8,640 ಆಗುತ್ತದೆ. ಪುಸ್ತಕದಲ್ಲಿ ಅದರ ಬೆಲೆ 8,640. ಆದರೆ ಅದು ಕೆಟ್ಟು ಹೊಸದು ಕೊಳ್ಳಬೇಕಾದರೆ ಅಬ್ಬಾ ಮತ್ತೆ ಪೂರ್ತಿ ಹಣವನ್ನೇ ಹೊಂದಿಸಬೇಕು. ಜಾಲರಿಯ ಧೂಳು ತೆಗೆಸುವ ಸಣ್ಣ ಖರ್ಚು ಆ ದೊಡ್ಡ ಖರ್ಚನ್ನು ಮುಂದೂಡುತ್ತದೆ. ಇದಕ್ಕಿಂತ ಒಳ್ಳೆಯ ಲೆಕ್ಕ ನಮ್ಮ ಪಾಠದಲ್ಲಿ ಇನ್ಯಾವುದಿದೆ?

ಅಂಗಡಿಗೆ ಹೋಗಲೇಬೇಡಿ ಎಂದು ನಾನು ಹೇಳುತ್ತಿಲ್ಲ. ವಾರಂಟಿ ಇದ್ದರೆ ನಾವು ಬಿಚ್ಚದೆ ಸರ್ವಿಸ್ ಸೆಂಟರ್‌ಗೇ ಒಯ್ಯಬೇಕು. ಆದರೆ ಏನು ಕೆಟ್ಟಿದೆ ಎಂಬ ಅಂದಾಜಿನೊಂದಿಗೆ ಹೋದವರಿಗೂ ‘ಏನೋ ಸದ್ದು ಬರುತ್ತಿದೆ ಅಣ್ಣ’ ಎನ್ನುವವರಿಗೂ ವ್ಯತ್ಯಾಸ ಇದೆ. ನಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ ಎಂದು ಮೊದಲೇ ಹೇಳಿ. ಹಾಕುವ ಭಾಗದ ಬೆಲೆ ಕೇಳಿ, ತೆಗೆದ ಭಾಗ ತೋರಿಸಲು ಹೇಳಿ, ಬಿಲ್ ಪಡೆಯಿರಿ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ನಮಗೆ ಮಾಹಿತಿ ಪಡೆಯುವ ಹಕ್ಕು ಕೊಟ್ಟಿದೆ. ಮೋಸವಾದರೆ 1915ಕ್ಕೆ ಫೋನ್ ಮಾಡಬಹುದು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗಾಗಿಯೇ ಒಂದು ಪೋರ್ಟಲ್ ತೆರೆದಿದೆ. ಪರೀಕ್ಷೆಯಲ್ಲಿ ಬರೆಯುವ ಗ್ರಾಹಕ ಹಕ್ಕುಗಳನ್ನು ಅಂಗಡಿಯ ಕೌಂಟರಿನ ಮುಂದೆ ಮರೆತರೆ ಓದಿ ಏನು ಪ್ರಯೋಜನ?

ಈಗ ಕಾಲೇಜಿಗೆ ನನ್ನ ಕೋರಿಕೆ. ತಿಂಗಳಿಗೊಂದು ಶನಿವಾರ, ತರಗತಿ ಮುಗಿದ ಮೇಲೆ, ಎರಡು ಗಂಟೆ ಕಂಪ್ಯೂಟರ್ ಲ್ಯಾಬ್ ತೆರೆದಿಡಿ. ಸಣ್ಣ ಸ್ಕ್ರೂಡ್ರೈವರ್‌ಗಳ ಒಂದು ಸೆಟ್, ಮೆತ್ತನೆಯ ಬ್ರಷ್, ಒಂದು ಬ್ಲೋವರ್, ಕಾಪಿ ಮಾಡಿಕೊಳ್ಳಲು ಒಂದು ಎಕ್ಸ್‌ಟರ್ನಲ್ ಡ್ರೈವ್ ಇದ್ದರೆ ಸಾಕು. ಸಿಇಬಿಎ ವಿದ್ಯಾರ್ಥಿಗಳು ಉಪನ್ಯಾಸಕರ ಎದುರಿನಲ್ಲಿ ಉಳಿದವರಿಗೆ ತೋರಿಸಿಕೊಡಲಿ. ಪೂರ್ತಿ ಬಂದ್ ಮಾಡಿ ಚಾರ್ಜರ್ ತೆಗೆಯುವುದು, ಬ್ಲೋವರ್ ಹಿಡಿಯುವಾಗ ಫ್ಯಾನ್ ಗಿರ್ರನೆ ತಿರುಗದಂತೆ ಒಂದು ಕಡ್ಡಿಯಿಂದ ತಡೆಯುವುದು, ಇಂಥವನ್ನು ಕೈಯಿಂದ ಮಾಡಿಯೇ ಕಲಿಯಬೇಕು. ಹುಡುಗಿಯರಿಗೆ ಬೇರೆ ಸಮಯ ಕೊಟ್ಟರೆ ಅವರೂ ಹಿಂಜರಿಯದೆ ಬರುತ್ತಾರೆ. ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪನ್ನು ಹೆಚ್ಚು ಬಳಸುವವರು ಅವರೇ, ಅಂಗಡಿಗೆ ಒಯ್ಯಲು ಮಾತ್ರ ಅಣ್ಣ ತಮ್ಮಂದಿರಿಗೆ ಕಾಯಬೇಕು.

ನಮ್ಮ ಲ್ಯಾಪ್‌ಟಾಪಿಗೆ ಈಗ ಎಸ್‌ಎಸ್‌ಡಿ ಹಾಕಿಸಿದ್ದೇವೆ. ಅದರೊಳಗೆ ತಿರುಗುವ ಭಾಗವೇ ಇಲ್ಲ, ಆದ್ದರಿಂದ ಸದ್ದೂ ಇಲ್ಲ. ಆದರೆ ಅದು ಕೆಡುವಾಗಲೂ ಸದ್ದು ಮಾಡುವುದಿಲ್ಲ. ಹಾಗಾಗಿ ಪ್ರತಿ ಶುಕ್ರವಾರ ಜುಮಾ ಮುಗಿಸಿ ಮನೆಗೆ ಬಂದ ಮೇಲೆ ಎಲ್ಲವನ್ನೂ ಡ್ರೈವ್‌ಗೆ ಕಾಪಿ ಮಾಡುತ್ತೇನೆ. ಹತ್ತು ನಿಮಿಷದ ಕೆಲಸ. ಗೆಳೆಯರೇ, ನೀವು ಇವತ್ತೇ ಶುರು ಮಾಡಿ. ನಿಮ್ಮ ಮನೆಯಲ್ಲೂ ಯಾರದೋ ಫೋಟೊಗಳು ಒಂದೇ ಡಿಸ್ಕಿನಲ್ಲಿ ಇರಬಹುದು.