ನಮ್ಮ ಊರಿನ ಮಳೆ ಯಾವ ಚೌಕದ್ದು?

ಮಳೆಗಾಲದ ಒಂದು ಬೆಳಿಗ್ಗೆ ನೆನಪಿಸಿಕೊಳ್ಳಿ. ಧಾರವಾಡದಿಂದ ಚಿಗರಿ ಬಸ್ಸು ಹಿಡಿದು ಬರುವ ಸಹಪಾಠಿಗಳು ತೊಯ್ದು ತೊಪ್ಪೆಯಾಗಿ ತರಗತಿಗೆ ಬರುತ್ತಾರೆ. ಹುಬ್ಬಳ್ಳಿಯವರ ಛತ್ರಿ ಬ್ಯಾಗಿನಿಂದ ಹೊರಗೇ ಬಂದಿರುವುದಿಲ್ಲ. ಮೊಬೈಲ್ ಮಾತ್ರ ಇಬ್ಬರಿಗೂ 'ಸಾಧಾರಣ ಮಳೆ' ಎಂದು ಹೇಳಿರುತ್ತದೆ. ಹವಾಮಾನ ವರದಿ ಯಾವತ್ತೂ ಸುಳ್ಳು ಎಂದು ನಕ್ಕು ಸುಮ್ಮನಾಗುತ್ತೇವೆ. ವರದಿ ಸುಳ್ಳು ಎನ್ನುವ ಮೊದಲು ಅದನ್ನು ಓದುವುದನ್ನು ನಾವು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

ಬಹಳಷ್ಟು ಆ್ಯಪ್‌ಗಳ ಬುಡದಲ್ಲಿರುವುದು ಜಾಗತಿಕ ಹವಾಮಾನ ಮಾದರಿಗಳು. ಅವುಗಳಿಗೆ ಹುಬ್ಬಳ್ಳಿ ಎಂಬ ಊರು ಗೊತ್ತಿಲ್ಲ. ಅವು ಭೂಮಿಯ ಮೇಲೆ ಅಕ್ಷಾಂಶ, ರೇಖಾಂಶಗಳ ಬಲೆ ಹಾಸುತ್ತವೆ. ಅಮೆರಿಕದ ಜಿಎಫ್‌ಎಸ್ ಮುನ್ಸೂಚನೆ, ಯುರೋಪಿನ ಇಆರ್‌ಎ5 ದತ್ತಾಂಶ, ನಮ್ಮ ಹವಾಮಾನ ಇಲಾಖೆಯ 1901ರಿಂದ ಈಚಿನ ಮಳೆ ದತ್ತಾಂಶ ಮೂರೂ 0.25 ಡಿಗ್ರಿ ಬಲೆಯಲ್ಲಿ ಸಿಗುತ್ತವೆ. ನಮ್ಮ ಭಾಗದಲ್ಲಿ ಅದು ಹೆಚ್ಚುಕಡಿಮೆ 27 ಕಿ.ಮೀ. ಉದ್ದ, 27 ಕಿ.ಮೀ. ಅಗಲದ ಚೌಕ. ಇಡೀ ಚೌಕಕ್ಕೆ ಒಂದೇ ಸಂಖ್ಯೆ.

ಈಗ ನಕ್ಷೆ ತೆಗೆದು ನೋಡಿ. ಧಾರವಾಡ ಇರುವುದು ಸುಮಾರು 15.46 ಉತ್ತರ, 75.01 ಪೂರ್ವದಲ್ಲಿ. ಬಲೆಯ 15.50, 75.00 ಬಿಂದು ಅದರ ಪಕ್ಕದಲ್ಲೇ ಇದೆ. ಹುಬ್ಬಳ್ಳಿ ಸುಮಾರು 15.36, 75.12, ಅಂದರೆ ನಾಲ್ಕು ಬಿಂದುಗಳ ನಟ್ಟನಡುವೆ. ಒಂದು ಬಿಂದು ಧಾರವಾಡದ ಬಳಿ, ಒಂದು ಕಲಘಟಗಿಯ ಹತ್ತಿರ, ಒಂದು ಕುಂದಗೋಳದಲ್ಲಿ, ಇನ್ನೊಂದು ನವಲಗುಂದದ ದಿಕ್ಕಿನಲ್ಲಿ. ಕಲಘಟಗಿ ಅರೆಮಲೆನಾಡು, ನವಲಗುಂದ ಬಯಲುಸೀಮೆಯ ಎರೆಭೂಮಿ. ಅತಿ ಹತ್ತಿರದ ಬಿಂದುವನ್ನು ಆರಿಸಿಕೊಂಡರೆ ಹುಬ್ಬಳ್ಳಿಯ ಒಂದು ಓಣಿಗೆ ಕಲಘಟಗಿಯ ಮಳೆ, ಮತ್ತೊಂದಕ್ಕೆ ಕುಂದಗೋಳದ ಮಳೆ ಸಿಕ್ಕೀತು. ನಾಲ್ಕರ ಸರಾಸರಿ ತೆಗೆದರೆ ಅದು ಯಾರ ಊರಿನ ಮಳೆಯೂ ಅಲ್ಲ!

ರಂಜಾನ್‌ನಲ್ಲಿ ಸಹರಿ, ಇಫ್ತಾರ್ ವೇಳಾಪಟ್ಟಿ ಅವಳಿ ನಗರಕ್ಕೆ ಒಂದೇ ಸಾಕಾಗುತ್ತದೆ. ರೇಖಾಂಶದ 1 ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಎರಡೂ ಊರುಗಳ ಸೂರ್ಯಾಸ್ತಕ್ಕೆ ಅರ್ಧ ನಿಮಿಷದ ವ್ಯತ್ಯಾಸವೂ ಆಗದು. ಅದೇ 20 ಕಿ.ಮೀ. ಮಳೆಯ ಲೆಕ್ಕದಲ್ಲಿ ಬಹಳ ದೂರ. ಒಂದು ಲೆಕ್ಕಕ್ಕೆ ಸಾಕಾಗುವ ಅಳತೆ ಇನ್ನೊಂದಕ್ಕೆ ಸಾಲದು ಎಂಬುದೇ ಇಲ್ಲಿನ ಪಾಠ.

ಇದು ಛತ್ರಿಯ ಮಾತಷ್ಟೇ ಅಲ್ಲ. ನಮ್ಮಲ್ಲಿ ಅನೇಕರ ಮನೆಯವರು ಹೆಸರು, ಮೆಣಸಿನಕಾಯಿ, ಈರುಳ್ಳಿ ಬೆಳೆಯುತ್ತಾರೆ. ಬಿತ್ತಬೇಕೋ ಕಾಯಬೇಕೋ, ರಾಶಿ ಮಾಡಬೇಕೋ ಬೇಡವೋ ಎಂದು ಅಪ್ಪ ಕೇಳಿದಾಗ ನಾವು ಮೊಬೈಲ್ ನೋಡಿ ಉತ್ತರ ಕೊಡುತ್ತೇವೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಂತೂ ಪರಿಹಾರ ನಿಂತಿರುವುದೇ ಇಂಥ ಅಂಕಿಗಳ ಮೇಲೆ. ಆ ಅಂಕಿ ಯಾವ ಜಾಗದ್ದು ಎಂದು ಕೇಳಲು ಮನೆಯಲ್ಲಿ ಓದಿದವರಿಗಾದರೂ ಬರಬೇಕು.

ಬಲೆಯ ಕಣ್ಣು ಸಣ್ಣದಾಗುತ್ತಿದೆ, ನಿಜ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 2025ರ ಮೇ ತಿಂಗಳಲ್ಲಿ ಬಳಕೆಗೆ ಬಂತು. ಅದರ ಚೌಕ 6 ಕಿ.ಮೀ., ಮೊದಲಿದ್ದದ್ದು 12 ಕಿ.ಮೀ. ಸಂತೋಷದ ವಿಷಯ. ಆದರೂ ಲೆಕ್ಕ ನೆಲದ ಮಳೆಗೆ ಹೊಂದುತ್ತದೆಯೇ ಎಂದು ತಿಳಿಯಲು ನೆಲದಲ್ಲೇ ಅಳೆಯಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿರುವುದು ಇದಕ್ಕೇ.

ಕಂಪ್ಯೂಟರ್ ಸೈನ್ಸ್ ಗೆಳೆಯರಿಗೆ ಒಂದು ಕಿವಿಮಾತು: ಅಕ್ಷಾಂಶ, ರೇಖಾಂಶ ಅದಲುಬದಲಾದರೆ ಹುಬ್ಬಳ್ಳಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣದ ಸಮುದ್ರದಲ್ಲಿ ಮುಳುಗುತ್ತದೆ. ಕಂಪ್ಯೂಟರ್ ತಕರಾರು ಮಾಡದೆ ಅಲ್ಲಿನ ಚಳಿಯನ್ನೇ ಕೊಡುತ್ತದೆ.

ನನ್ನ ಕೋರಿಕೆ ಇಷ್ಟೆ. ಕಾಲೇಜಿನ ಮೈದಾನದಲ್ಲಿ, ಗೋಡೆ ಮರಗಳಿಂದ ದೂರ, ಒಂದು ಸಾದಾ ಮಳೆಮಾಪಕ ಇಡೋಣ. ಹವಾಮಾನ ಇಲಾಖೆಯ ಪದ್ಧತಿಯಂತೆ ದಿನಾ ಬೆಳಿಗ್ಗೆ 8.30ಕ್ಕೆ ಅಳೆದು, ಪಕ್ಕದಲ್ಲಿ ಆ್ಯಪ್ ಹೇಳಿದ್ದನ್ನೂ ಬರೆಯೋಣ. ರಜೆಯಲ್ಲಿ ಸರದಿ ಹಾಕಿಕೊಳ್ಳೋಣ. ಪ್ರಾಚಾರ್ಯರು ಜಾಗ ಕೊಟ್ಟರೆ ಮೊದಲ ವಾರದ ಸರದಿ ನನ್ನದು.