ಬಸುರಿಯ ರಕ್ತವೂ ಸಂಘದ ವಿಷಯವೇ

ಪಗಾರ, ಬೋನಸ್ಸು, ರಜೆ ಎಂದರೆ ನಮ್ಮ ಸಭೆಗಳಲ್ಲಿ ಕೂರಲು ಜಾಗವಿರುವುದಿಲ್ಲ. ಮನೆಯಾಕೆ ಬಸುರಿನಲ್ಲಿ ಬಿಳಿಚಿಕೊಂಡು, ಚಾಳಿನ ಮೆಟ್ಟಲು ಹತ್ತಲಾರದೆ ಏದುಸಿರು ಬಿಟ್ಟರೆ ಮಾತ್ರ ಅದು ‘ಹೆಂಗಸರ ವಿಚಾರ’. ಇದನ್ನು ನಾವು ಒಪ್ಪುವುದಿಲ್ಲ. ಅದೂ ಪಗಾರದ ವಿಚಾರವೇ.

ಸಾಕ್ಷಿ ನಮ್ಮ ಮುಂಬಯಿಯಲ್ಲೇ ಇದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಇಲ್ಲಿಗೆ ಬಂದರು. ಬಟ್ಟೆ ಗಿರಣಿಗಳ ಕೆಲಸಗಾರ ಹೆಂಗಸರು ಬಸುರಿನಲ್ಲಿ ಕಠಿಣ ರಕ್ತಹೀನತೆಗೆ ತುತ್ತಾಗುತ್ತಿದ್ದರು. ಅದರ ಕಾರಣ ಹುಡುಕುವುದು ಅವರ ಕೆಲಸ. ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ದುಡಿದ ಆ ತಾಯಿ, ಈ ಹೆಂಗಸರು ಉಣ್ಣುವುದೇನೆಂದು ವಿಚಾರಿಸಿದರು. ಬಡವರ ತಟ್ಟೆಯಲ್ಲಿ ಕಾಯಿಪಲ್ಲೆ, ಹಣ್ಣು ಇರಲೇ ಇಲ್ಲವೆನ್ನಬೇಕು. ಯೀಸ್ಟಿನಿಂದ ತಯಾರಾಗುವ ಮಾರ್ಮೈಟ್ ಎಂಬ ಅಗ್ಗದ ಕಪ್ಪು ಲೇಹ್ಯವನ್ನು ಕೊಟ್ಟಾಗ ರಕ್ತ ಏರಿತು. 1931ರಲ್ಲಿ ಇದನ್ನು ಪ್ರಕಟಿಸಿದರು. ಅದರಲ್ಲಿದ್ದ ಸತ್ವವೇ ಮುಂದೆ ಫೋಲಿಕ್ ಆಸಿಡ್ ಎನಿಸಿತು. ಇಂದು ಲೋಕದ ಬಸುರಿಯರು ನುಂಗುವ ಗುಳಿಗೆಯ ಮೂಲಪಾಠ ಗಿರಣಿ ಹೆಂಗಸರ ಮೈಯಿಂದ ಬಂದದ್ದು! ಆ ಗಿರಣಿಗಳಲ್ಲಿ ಹೆಚ್ಚಿನವು ಈಗಿಲ್ಲ, ಅವುಗಳ ಜಾಗದಲ್ಲಿ ಗೋಪುರಗಳೆದ್ದಿವೆ. ರಕ್ತಹೀನತೆ ಮಾತ್ರ ಖೋಲಿ ಖಾಲಿ ಮಾಡಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ಅದು ಇದೆ.

ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಪ್ರಾಣಕ್ಕೇ ಅಪಾಯ. ಹೆರಿಗೆಯಲ್ಲಿ ಗಟ್ಟಿಮುಟ್ಟಾದವಳು ತಡೆದುಕೊಳ್ಳುವ ರಕ್ತಸ್ರಾವವನ್ನು ಇವಳು ತಡೆಯಲಾರಳು. ಮಗು ದಿನ ತುಂಬದೆ, ತೂಕವಿಲ್ಲದೆ ಹುಟ್ಟಬಹುದು.

ಹೋಟೆಲಿನ ನಮಗೆ ಎರಡು ಹೊತ್ತಿನ ಊಟ ಹೋಟೆಲಿನಲ್ಲೇ ನಡೆದುಹೋಗುತ್ತದೆ. ಊರಿನಲ್ಲೋ ಖೋಲಿಯಲ್ಲೋ ಇರುವ ಹೆಂಡತಿ ಅತ್ತೆ, ಮಾವ, ಮಕ್ಕಳೆಲ್ಲರಿಗೂ ಬಡಿಸಿ ಕೊನೆಗೆ ಕೂರುತ್ತಾಳೆ. ಆಗ ಪಾತ್ರೆಯಲ್ಲಿ ಗಂಜಿಯ ತಿಳಿ, ಸಾರಿನ ತಳ. ಹದಿನೆಂಟಕ್ಕೇ ಮದುವೆ, ಮೊದಲ ಕೂಸು ಮೊಲೆ ಬಿಡುವ ಮೊದಲೇ ಇನ್ನೊಂದು ಬಸುರು. ಮೈ ಯಾವಾಗ ಸುಧಾರಿಸಬೇಕು? ಇದಕ್ಕೆ ಹಣೆಬರಹವನ್ನು ದೂರುವುದು ಸುಲಭ. ಔಷಧದ ಅಂಗಡಿಯಲ್ಲಿ ದುಬಾರಿ ಟಾನಿಕ್ಕಿನ ಬಾಟಲಿ ಕೊಳ್ಳುವುದು ಇನ್ನೂ ಸುಲಭ.

ಆದರೆ ಕಬ್ಬಿಣ ಮತ್ತು ಫೋಲಿಕ್ ಆಸಿಡ್‌ನ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಧರ್ಮಕ್ಕೆ ಸಿಗುತ್ತದೆ. ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಬಾಣಂತನದಲ್ಲಿ ಮತ್ತೆ 180 ದಿನ. ಮಲ ಕಪ್ಪಾಯಿತು, ಹೊಟ್ಟೆ ತೊಳಸಿತು ಎಂದು ಎಷ್ಟೋ ಮಂದಿ ಬಿಸಾಡುತ್ತಾರೆ. ಕೂಸು ಕಪ್ಪಾಗುತ್ತದೆಂದು ಹೆದರಿಸುವ ಅಜ್ಜಿಯರೂ ಉಂಟು. ಮಲ ಕಪ್ಪಾಗುವುದು ಕಬ್ಬಿಣದ ಗುಣ, ಕೂಸಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಮಾತು, ಚಹಾ ಮಾರಿ ಬದುಕುವ ನಾವೇ ಹೇಳಬೇಕಾದದ್ದು: ಗುಳಿಗೆಗೂ ಊಟಕ್ಕೂ ಹಿಂದೆ ಮುಂದೆ ಒಂದು ತಾಸು ಚಹಾ ಬೇಡ, ಅದು ಕಬ್ಬಿಣ ಮೈಗೆ ಹತ್ತಗೊಡುವುದಿಲ್ಲ. ಲಿಂಬೆಹಣ್ಣಿನ ರಸ ಹತ್ತಿಸುತ್ತದೆ.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆಯ ಏರ್ಪಾಡು 2016ರಿಂದ ಇದೆ. ಆದರೆ ಗಂಡನಿಗೆ ಪಾಳಿ ಬಿಡಲಾಗದು, ಭಾಷೆ ಬಾರದ ಹೊಸ ಹುಡುಗಿ ಒಬ್ಬಳೇ ಸಾಲಿನಲ್ಲಿ ನಿಲ್ಲಲು ಅಂಜುತ್ತಾಳೆ. ಆದ್ದರಿಂದ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಇದೂ ಸೇರಲಿ: ಬಸುರಿ ಹೆಂಡತಿಯುಳ್ಳ ಕಾರ್ಮಿಕನಿಗೆ ತಿಂಗಳಿಗೊಂದು ದಿನ ಪಗಾರದ ರಜೆ. ಮಾಲಕರು ನಗಬಹುದು, ನಗಲಿ. ಒಂದು ಪಾಳಿಗೆ ಒಬ್ಬ ಮಾಣಿ ಇಲ್ಲದಿದ್ದರೆ ಯಾವ ಹೋಟೆಲೂ ಮುಳುಗದು.

ಹಾಗೆಯೇ, ಹದಿನೈದು ಮಂದಿಯನ್ನು ದುಡಿಸಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆಯುವ ಮಾಲಕರಿದ್ದಾರೆ. ಇ.ಎಸ್.ಐ.ಯಲ್ಲಿ ಹೆಸರಿದ್ದವನ ಹೆಂಡತಿಗೂ ಚಿಕಿತ್ಸೆಯ ಹಕ್ಕುಂಟು. ಅವನ ಹೆಸರು ಬಿಟ್ಟುಹೋದರೆ ಅವಳದೂ ಹೋಯಿತು. ಹೆಸರಿಲ್ಲದ ಬಂಧುಗಳು ಸಂಘದ ಕಚೇರಿಗೆ ಬಂದು ಬರೆಸಲಿ, ಮಾಲಕರೊಡನೆ ಮಾತಾಡುವ ಹೊಣೆ ನಮ್ಮದು.