ಹಲಸೂರು ಕೆರೆ: ಸತ್ತ ಮೀನಿಗೆ ಲೆಕ್ಕವಿದೆ, ಬದುಕಿದ ಮೀನಿಗೆ?

ಬೆಂಗಳೂರು: 2016ರ ಮಾರ್ಚ್ 7ರಂದು ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ನೀರಿನಲ್ಲಿ ಕರಗಿರುವ ಆಮ್ಲಜನಕ ಕುಸಿದದ್ದೇ ಕಾರಣ, ಅದಕ್ಕೆ ಕೊಳಚೆ ನೀರೇ ಮೂಲ ಎಂಬ ವಿವರಣೆ ಬಂದಿತು. 1995ರ ಜೂನ್‌ನಲ್ಲಿ ಸ್ಯಾಂಕಿ ಕೆರೆಯಲ್ಲಿ ಮೀನುಗಳು ಸತ್ತಾಗಲೂ ಅಧ್ಯಯನಕಾರರು ಇದೇ ತೀರ್ಮಾನಕ್ಕೆ ಬಂದಿದ್ದರು. ವಿವರಣೆ ಸರಿಯಾದದ್ದೇ. ಆದರೆ ಅದು ಒಂದು ಮುಂಜಾವಿನ ಸಾವನ್ನು ಮಾತ್ರ ವಿವರಿಸುತ್ತದೆ. ಹಸಿರುಗಟ್ಟಿದ ನೀರಿನಲ್ಲಿ ವರ್ಷವಿಡೀ ಬದುಕುವ ಮೀನಿನ ಆರೋಗ್ಯದ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ದಂಡು ಪ್ರದೇಶದ ಬಡಾವಣೆಗಳಿಂದ ಮಳೆನೀರು ಕಾಲುವೆಗಳ ಮೂಲಕ ಕೆರೆ ಸೇರುವ ಕೊಳಚೆಯಲ್ಲಿ ಸಾರಜನಕ, ರಂಜಕಗಳು ಹೇರಳ. ಬಿಸಿಲೇರಿ ನೀರು 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೀಲಿ-ಹಸಿರು ಪಾಚಿಗೆ ಅದು ಹಬ್ಬದೂಟ. ಪಾಚಿ ಎಂದು ಕರೆದರೂ ಇದು ವಾಸ್ತವದಲ್ಲಿ ಸಯಾನೋಬ್ಯಾಕ್ಟೀರಿಯಾ. ಇದರ ಒಂದು ಬಗೆ ಮೈಕ್ರೋಸಿಸ್ಟಿಸ್. ಬೆಂಗಳೂರಿನ ಕೆರೆಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಹೆಸರಿದು.

ಮೂರು ದಿಕ್ಕಿನ ಪೆಟ್ಟು

ಮೊದಲ ಪೆಟ್ಟು ಉಸಿರಿಗೆ. ಹಗಲು ಪಾಚಿ ಆಮ್ಲಜನಕವನ್ನು ಬಿಡುಗಡೆ ಮಾಡುತ್ತದೆ. ರಾತ್ರಿ ತಾನೇ ಅದನ್ನು ಬಳಸಿಕೊಳ್ಳುತ್ತದೆ. ಕೊಳಚೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳೂ ಪಾಲು ಕೇಳುತ್ತವೆ. ಹೀಗಾಗಿ ನಸುಕಿನ ಹೊತ್ತಿಗೆ ಮೀನಿನ ಪಾಲಿಗೆ ಏನೂ ಉಳಿಯುವುದಿಲ್ಲ.

ಎರಡನೆಯದು ಕಿವಿರಿಗೆ. ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಂತೆ ನೀರಿನ ಕ್ಷಾರತೆ ಏರುತ್ತದೆ. 25 ಡಿಗ್ರಿ ಉಷ್ಣಾಂಶದ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ್ದು ಶೇ 1ಕ್ಕಿಂತ ಕಡಿಮೆ. ಪಿಎಚ್ 9ಕ್ಕೆ ಏರಿದರೆ ಅದು ಮೂರನೆಯ ಒಂದು ಭಾಗವನ್ನೂ ಮೀರುತ್ತದೆ. ಕೊಳಚೆಯ ಪ್ರಮಾಣ ಅಷ್ಟೇ ಇದ್ದರೂ ವಿಷ ಹಲವು ಪಟ್ಟು ಹೆಚ್ಚುತ್ತದೆ.

ಮೂರನೆಯದು ಯಕೃತ್ತಿಗೆ. ಮೈಕ್ರೋಸಿಸ್ಟಿಸ್‌ನ ಹಲವು ತಳಿಗಳು ಮೈಕ್ರೋಸಿಸ್ಟಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಜೀವಕೋಶದ ಆಂತರಿಕ ನಿಯಂತ್ರಣಕ್ಕೆ ಅಗತ್ಯವಾದ ಕಿಣ್ವಗಳನ್ನು ಅದು ತಡೆಯುತ್ತದೆ. ಯಕೃತ್ತಿನ ಕೋಶಗಳ ಹಂದರವೇ ಕುಸಿಯುತ್ತದೆ. ಪ್ರಮಾಣ ಅಲ್ಪವಿದ್ದರೆ ಮೀನು ಸಾಯುವುದಿಲ್ಲ. ಬೆಳವಣಿಗೆ ಕುಂಠಿತವಾಗಬಹುದು, ರೋಗನಿರೋಧಕ ಶಕ್ತಿ ಕುಗ್ಗಬಹುದು, ಮರಿಗಳು ಉಳಿಯದೆ ಹೋಗಬಹುದು. ಇಂಥ ಮೀನು ತೇಲುವುದಿಲ್ಲ, ಆದ್ದರಿಂದ ಸುದ್ದಿಯೂ ಆಗುವುದಿಲ್ಲ.

ಅಳತೆಯಲ್ಲೇ ಲೋಪ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದಂತೆ ಮೀನುಗಾರಿಕೆಗೆ ಯೋಗ್ಯವಾದ ‘ಡಿ’ ದರ್ಜೆಯ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು, ಪಿಎಚ್ 6.5ರಿಂದ 8.5ರೊಳಗಿರಬೇಕು, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ಪಾಚಿಯ ವಿಷದ ಪ್ರಸ್ತಾಪವೇ ಈ ಪಟ್ಟಿಯಲ್ಲಿಲ್ಲ. ಮಾದರಿಯನ್ನು ಯಾವ ಹೊತ್ತಿನಲ್ಲಿ ಸಂಗ್ರಹಿಸಲಾಯಿತು ಎಂಬುದೂ ಮುಖ್ಯ. ಪಾಚಿ ತುಂಬಿದ ಕೆರೆಯ ನೀರನ್ನು ಮಧ್ಯಾಹ್ನ ಮೂರಕ್ಕೆ ಅಳೆದರೆ ಆಮ್ಲಜನಕ ಸಮೃದ್ಧವಾಗಿಯೇ ಕಾಣುತ್ತದೆ. ಅದೇ ಕೆರೆಯಲ್ಲಿ ಬೆಳಗಿನ ಐದಕ್ಕೆ ಮೀನು ಬಾಯಿ ತೆರೆದು ಉಸಿರಿಗಾಗಿ ಮೇಲೆ ಬಂದಿರಬಹುದು.

ಇದು ಮೀನಿಗೆ ಮಾತ್ರ ಸಂಬಂಧಿಸಿದ ವಿಷಯವೇ? ಅಲ್ಲ. ಮೈಕ್ರೋಸಿಸ್ಟಿನ್ ಮೀನಿನ ಯಕೃತ್ತು ಮತ್ತು ಕರುಳಿನಲ್ಲಿ ಹೆಚ್ಚು, ಮಾಂಸದಲ್ಲಿ ಕಡಿಮೆ ಸಂಗ್ರಹವಾಗುತ್ತದೆ. ಕುದಿಸಿದರೆ ಅದು ಸುಲಭವಾಗಿ ನಾಶವಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಇದಕ್ಕೆ ಸೂಚಿಸಿರುವ ಮಿತಿ ಲೀಟರಿಗೆ ಕೇವಲ 1 ಮೈಕ್ರೋಗ್ರಾಂ. 1996ರಲ್ಲಿ ಬ್ರೆಜಿಲ್‌ನ ಕರುವಾರು ನಗರದಲ್ಲಿ ಈ ವಿಷ ಬೆರೆತ ನೀರನ್ನು ಡಯಾಲಿಸಿಸ್‌ಗೆ ಬಳಸಿದ್ದರಿಂದ 50ಕ್ಕೂ ಹೆಚ್ಚು ರೋಗಿಗಳು ಮೃತಪಟ್ಟರು. ಮೀನು ತಿಂದವರಿಗೆ ಅಂಥ ಗತಿ ಬರುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಾಗಲಿ, ಕೆ.ಆರ್. ಪುರದ ಸಂತೆಯಲ್ಲಾಗಲಿ ಕಟ್ಲಾ, ಜಿಲೇಬಿ ಮೀನು ಕೊಳ್ಳುವವರಿಗೆ ಅದು ಯಾವ ಕೆರೆಯದೆಂದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಪರೀಕ್ಷೆಯಿಲ್ಲದೆ ಅದು ಸುರಕ್ಷಿತವೆಂದೂ ಹೇಳಲಾಗದು, ವಿಷವೆಂದೂ ಹೇಳಲಾಗದು. ಈ ಅನುಮಾನದ ಬೆಲೆ ತೆರುವವನು ಮೀನು ಹಿಡಿದು ಮಾರುವ ಬಡವ.

ಹೊಣೆ ಯಾರದು?

ಕೊಳಚೆ ಜಲಮಂಡಳಿಯದ್ದು, ಮೀನು ಮೀನುಗಾರಿಕೆ ಇಲಾಖೆಯದ್ದು, ನೀರಿನ ಪರೀಕ್ಷೆ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದ ಮೇಲೆ ಹೊಣೆ ಜಾರಿಕೊಳ್ಳಲು ದಾರಿಗಳು ಇನ್ನಷ್ಟಾಗಬಾರದು.

ಕಾರಂಜಿ ಹಾಕಿದರೆ ಆಮ್ಲಜನಕ ಸ್ವಲ್ಪ ಏರೀತು, ವಿಷ ಇಳಿಯದು. ಮೈಲುತುತ್ತ ಸುರಿದು ಪಾಚಿಯನ್ನು ಕೊಂದರೆ ಒಡೆದ ಕೋಶಗಳಿಂದ ವಿಷವೆಲ್ಲ ಒಮ್ಮೆಲೇ ನೀರಿಗೆ ಸೇರುತ್ತದೆ. ಶಾಶ್ವತ ಪರಿಹಾರವೆಂದರೆ ರಂಜಕ ಕೆರೆಗೆ ಇಳಿಯುವ ಮೊದಲೇ ತಡೆಯುವುದು. ನಗರದ ಉತ್ತರದಲ್ಲಿರುವ ಜಕ್ಕೂರು ಕೆರೆಗೆ ಶುದ್ಧೀಕರಣ ಘಟಕದ ನೀರು ಜೌಗು ಪ್ರದೇಶವನ್ನು ಹಾದು ಸೇರುವ ವ್ಯವಸ್ಥೆ ಈ ದಿಕ್ಕಿನದು. ಜಾಗದ ಅಭಾವವಿರುವ ಹಲಸೂರಿನಲ್ಲಿ ಅದು ಸುಲಭವಲ್ಲ. ಆದರೆ ಬೇಸಿಗೆಯ ತಿಂಗಳುಗಳಲ್ಲಿ ನಸುಕಿನ ಆಮ್ಲಜನಕ ಅಳೆಯುವುದಕ್ಕೆ, ಮೀನು ಬಲೆಗೆ ಬೀಳುವ ಮೊದಲು ಪಾಚಿಯ ವಿಷ ಪರೀಕ್ಷಿಸುವುದಕ್ಕೆ ಜಾಗ ಬೇಕಿಲ್ಲ. ಸತ್ತ ಮೀನು ತೇಲುವವರೆಗೆ ಕಾಯುವ ಪದ್ಧತಿ ಇನ್ನಾದರೂ ನಿಲ್ಲಬೇಕು.